ನೋವಿಗೆ ಮೆಣಸಿನಕಾಯಿ ಮುಲಾಮು: ಹಚ್ಚುವ ಮುನ್ನ ತಿಳಿದಿರಬೇಕಾದ್ದು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಸೂಳಗಿರಿ ಸುತ್ತಿನ ತೋಟಗಳಲ್ಲಿ ಹಸಿಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದ ಹೆಂಗಸರು ಮನೆಗೆ ಬಂದ ಕೂಡಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಬೆರಳ ಸಂದಿ, ಉಗುರಿನ ಬುಡ, ಮುಂಗೈ, ಎಲ್ಲ ಕಡೆ ತಿಕ್ಕಿ, ಒಂದಿಷ್ಟು ಹೊತ್ತು ಬಿಟ್ಟು, ಆಮೇಲೆ ಸೋಪು ಹಾಕಿ ತೊಳೆಯುತ್ತಾರೆ. ಬರೀ ನೀರಿಗೆ ಆ ಉರಿ ಜಗ್ಗುವುದಿಲ್ಲವೆಂದು ಅವರಿಗೆ ಯಾರೂ ಪಾಠ ಹೇಳಿದ್ದಲ್ಲ. ಇಷ್ಟೆಲ್ಲ ಮಾಡಿಯೂ ರಾತ್ರಿ ಮಗುವಿನ ಮುಖ ಮುಟ್ಟಲು ಹಿಂಜರಿಯುವ ತಾಯಂದಿರನ್ನು ನಾನು ನೋಡಿದ್ದೇನೆ.

ಅದೇ ಉರಿ ಹೆದ್ದಾರಿ ಬದಿಯ ಮೆಡಿಕಲ್ ಶಾಪುಗಳಲ್ಲಿ ಟ್ಯೂಬಿನೊಳಗೆ ಕೂತು ನೋವಿನ ಔಷಧಿಯಾಗಿ ಮಾರಾಟವಾಗುತ್ತಿದೆ. ಅದರ ಹೆಸರು ಕ್ಯಾಪ್ಸೈಸಿನ್. ನಮ್ಮ ದೊಡ್ಡಮ್ಮನ ಮಂಡಿನೋವಿಗೆಂದು ಅಂಥದ್ದೊಂದು ಟ್ಯೂಬನ್ನು ತಂದುಕೊಟ್ಟವನು ನಾನೇ. ಹೇಗೆ ಹಚ್ಚಬೇಕೆಂದು ಹೇಳದೆ ಕೊಟ್ಟು ಹೋದೆ. ಅವರು ದಿನವಿಡೀ ಕೊತ್ತಂಬರಿ ಕಟ್ಟು ಕಟ್ಟಿ ಬಂದು, ಹಂಡೆ ನೀರಲ್ಲಿ ಸ್ನಾನ ಮಾಡಿ, ಮೈ ಇನ್ನೂ ಬೆಚ್ಚಗಿರುವಾಗಲೇ ಅಮೃತಾಂಜನ ತಿಕ್ಕುವಂತೆ ಎರಡೂ ಮಂಡಿಗೆ ಗಸಗಸ ತಿಕ್ಕಿದರು. ಹತ್ತು ನಿಮಿಷಕ್ಕೆ ಬೆಂಕಿ ಬಿದ್ದಂತಾಯಿತು. ತೊಳೆಯಲು ಮತ್ತೆ ಬಿಸಿನೀರನ್ನೇ ಸುರಿದುಕೊಂಡರು; ಉರಿ ಇಮ್ಮಡಿಯಾಯಿತು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ಟ್ಯೂಬು ಗೂಡು ಸೇರಿತು. ತಪ್ಪು ಔಷಧಿಯದಲ್ಲ, ನನ್ನದು. ಈ ಲೇಖನದಲ್ಲಿರುವುದು ಅವತ್ತು ನಾನು ಅವರಿಗೆ ಹೇಳಬೇಕಾಗಿದ್ದ ಮಾತುಗಳು.

ಖಾರ ಎಲ್ಲಿರುತ್ತದೆ

ಮೆಣಸಿನಕಾಯಿಯ ಖಾರ ಬೀಜದಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ಕಾಯಿಯನ್ನು ಉದ್ದಕ್ಕೆ ಸೀಳಿದರೆ ನಡುವೆ ಬೀಜಗಳನ್ನು ಹಿಡಿದುಕೊಂಡ ಒಂದು ಬಿಳಿ ತಿರುಳು ಕಾಣುತ್ತದಲ್ಲ, ಖಾರ ಹುಟ್ಟುವುದು ಅಲ್ಲಿ. ಬೀಜಕ್ಕೆ ಅಂಟಿರುವುದು ಅದರ ಸೋಂಕು ಅಷ್ಟೆ. 1876ರಲ್ಲಿ ಜಾನ್ ಥ್ರೆಶ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ ಆ ಖಾರದ ಅಂಶವನ್ನು ಹೆಚ್ಚುಕಡಿಮೆ ಶುದ್ಧ ರೂಪದಲ್ಲಿ ಬೇರ್ಪಡಿಸಿ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟರು. ಅದು ನೀರಲ್ಲಿ ಕರಗುವುದು ಬಹಳ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೂಲಿಗೆ ಹೋಗುವ ಹೆಂಗಸರ ಕೊಬ್ಬರಿ ಎಣ್ಣೆಯ ಹಿಂದಿರುವ ರಸಾಯನಶಾಸ್ತ್ರ ಇದು.

ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮೊದಲು ಖಾರಕ್ಕೆ ನಮಗಿದ್ದದ್ದು ಮೆಣಸು. ಹೊಸ ಕಾಯಿ ಬಂದಾಗ ಅದನ್ನು ಮೆಣಸಿನ ಕಾಯಿ ಎಂದು ಕರೆದೆವು, ಹಳೆಯ ಮೆಣಸು ಕರಿಮೆಣಸಾಯಿತು. ಸೂಳಗಿರಿಯಂಥ ಊರಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆ ಕೇಳುತ್ತದೆ. ತಮಿಳರ ಮಿಳಗಾಯ್ ಕೂಡ ಮಿಳಗಿನ, ಅಂದರೆ ಮೆಣಸಿನ ಕಾಯಿಯೇ; ತೆಲುಗರ ಮಿರಪಕಾಯ ಕೂಡ ಹಾಗೆಯೇ ಹುಟ್ಟಿದ್ದು. ಮೂವರೂ ಹೊಸಬನಿಗೆ ಹಳೆಯವನ ಹೆಸರನ್ನೇ ಇಟ್ಟುಕೊಂಡಿದ್ದೇವೆ.

ಉರಿ ಹೇಗೆ ನೋವನ್ನು ಇಳಿಸುತ್ತದೆ

ಒಲೆಯಲ್ಲಿ ಉರಿಯುವುದಕ್ಕೂ ಉರಿ ಎನ್ನುತ್ತೇವೆ, ಮೆಣಸಿನಕಾಯಿ ಕಚ್ಚಿದಾಗ ಬಾಯಲ್ಲಿ ಆಗುವುದಕ್ಕೂ ಉರಿ ಎನ್ನುತ್ತೇವೆ. ಈ ಎರಡು ಉರಿಯೂ ದೇಹಕ್ಕೆ ಒಂದೇ ಎಂಬುದನ್ನು ವಿಜ್ಞಾನ ಖಚಿತಪಡಿಸಿಕೊಂಡದ್ದು 1997ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ, ಕ್ಯಾಪ್ಸೈಸಿನ್‌ಗೆ ಎಚ್ಚರಗೊಳ್ಳುವ ಒಂದು ಬಾಗಿಲನ್ನು ನರಕೋಶಗಳ ಮೇಲೆ ಪತ್ತೆ ಹಚ್ಚಿತು. ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೆ ತೆರೆಯುವ ಬಾಗಿಲೂ ಅದೇ. ಮೆಣಸಿನಕಾಯಿ ಚರ್ಮವನ್ನು ಸುಡುವುದಿಲ್ಲ; ಸುಡುತ್ತಿದೆ ಎಂದು ನರ ಮೆದುಳಿಗೆ ಸುದ್ದಿ ಕಳಿಸುವಂತೆ ಮಾಡುತ್ತದೆ. ಈ ಕೆಲಸಕ್ಕೆ 2021ರಲ್ಲಿ ಜೂಲಿಯಸ್ ಅವರಿಗೆ, ಸ್ಪರ್ಶದ ಬಾಗಿಲುಗಳನ್ನು ಪತ್ತೆ ಹಚ್ಚಿದ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಬಂತು.

ದೊಡ್ಡಮ್ಮನಿಗೆ ಬಿಸಿನೀರು ಯಾಕೆ ಅಷ್ಟು ಉರಿಸಿತು ಎಂಬುದು ಇಲ್ಲಿ ತಿಳಿಯುತ್ತದೆ. ಕ್ಯಾಪ್ಸೈಸಿನ್ ಬಿದ್ದ ಜಾಗದಲ್ಲಿ ಆ ಬಾಗಿಲು ಆಗಲೇ ಅರ್ಧ ತೆರೆದಿರುತ್ತದೆ. ಬೇರೆ ದಿನ ಹಿತವೆನಿಸುವ ಸ್ನಾನದ ನೀರು ಅವತ್ತು ಕುದಿಯುವ ನೀರಿನಂತೆ ತಾಗುತ್ತದೆ.

ಇನ್ನು ನೋವು ಇಳಿಯುವ ಬಗೆ. ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ದಿನಕ್ಕೆ ನಾಲ್ಕು ಸಲ ಒಂದೇ ಸುದ್ದಿ ಕೂಗುತ್ತಿದ್ದರೆ ಒಳಗಿನವರು ಕೊನೆಗೆ ಕಿವಿಗೊಡುವುದನ್ನು ಬಿಡುತ್ತಾರೆ, ಕೂಗುವವನ ಗಂಟಲೂ ಬೀಳುತ್ತದೆ. ಪದೇಪದೇ ಕ್ಯಾಪ್ಸೈಸಿನ್ ತಾಗಿದ ನರದ ತುದಿಗಳು ಹೀಗೆಯೇ ದಣಿಯುತ್ತವೆ. ನೋವಿನ ಸುದ್ದಿ ಸಾಗಿಸುವ ಸಬ್‌ಸ್ಟೆನ್ಸ್ ಪಿ ಎಂಬ ವಸ್ತು ಅವುಗಳಲ್ಲಿ ಬರಿದಾಗುತ್ತದೆ. ಪ್ರಮಾಣ ಹೆಚ್ಚಿದ್ದರೆ ಚರ್ಮದ ಮೇಲ್ಪದರದಲ್ಲಿನ ನರದ ತುದಿಗಳೇ ಸ್ವಲ್ಪ ಕಾಲ ಹಿಂದೆ ಸರಿಯುತ್ತವೆ. ಹಚ್ಚುವುದನ್ನು ನಿಲ್ಲಿಸಿದರೆ ಮತ್ತೆ ಬೆಳೆಯುತ್ತವೆ.

ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ತಲೆನೋವಿನ ಬಾಮು ಹಚ್ಚಿದ ಕೂಡಲೇ ತಣ್ಣಗೆನಿಸುತ್ತದೆ. ಇದು ಹಾಗಲ್ಲ. ಮೊದಲು ಉರಿ, ಆಮೇಲೆ ಗುಣ. ಗುಣ ಕಾಣಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಕೆಲವರಿಗೆ ನಾಲ್ಕರಿಂದ ಆರು ವಾರ. ನೋವು ಬಂದ ದಿನ ಹಚ್ಚಿ, ಇಲ್ಲದ ದಿನ ಬಿಟ್ಟರೆ ಉರಿ ಮಾತ್ರ ಪಾಲಿಗೆ ಬರುತ್ತದೆ.

ಯಾವ ನೋವಿಗೆ

ನೋವಿಗೆ ಕನ್ನಡದಲ್ಲಿ ಎಷ್ಟು ಹೆಸರು! ಸೆಳೆತ, ಕಡಿತ, ಸಿಡಿತ, ಚಳಕು, ಹಿಡಿತ, ಜೋಮು, ಉರಿ, ಶೂಲೆ. ಸೂಳಗಿರಿಯನ್ನು ಶೂಲಗಿರಿ ಎಂದೂ ಬರೆಯುವುದುಂಟು. ಊರ ಹೆಸರಿನ ಆ ಶೂಲಕ್ಕೂ ಹೊಟ್ಟೆಯ ಶೂಲೆಗೂ ಬೇರು ಒಂದೇ, ಚುಚ್ಚುವುದು. ಆಸ್ಪತ್ರೆಯಲ್ಲಿ ಮಾತ್ರ ನಮ್ಮವರು ಇದನ್ನೆಲ್ಲ ಬಿಟ್ಟು 'ನೋವು ಡಾಕ್ಟ್ರೇ' ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಎದುರಿಗಿರುವವರು ತಮಿಳು ಮಾತಾಡುವವರಾದರೆ ಅದೂ ಚಿಕ್ಕದಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಬಗೆಯ ನೋವು ಎಂಬುದರ ಮೇಲೆಯೇ ಈ ಔಷಧಿ ಹಿಡಿಯುತ್ತದೋ ಇಲ್ಲವೋ ಎಂಬುದು ನಿಂತಿದೆ.

ವಯಸ್ಸಾದಂತೆ ಸವೆದ ಮಂಡಿಯ ಕಡಿತ, ಕೂತು ಏಳುವಾಗ ಹಿಡಿದುಕೊಳ್ಳುವುದು, ಇದಕ್ಕೆ ಕ್ಯಾಪ್ಸೈಸಿನ್ ಮುಲಾಮು ಒಂದು ಆಯ್ಕೆ. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಔಷಧಿ ತಲುಪುತ್ತದೆ. ಸೊಂಟದ ಕೀಲು ಮಾಂಸದೊಳಗೆ ಆಳದಲ್ಲಿದೆ, ಅಲ್ಲಿ ಹಚ್ಚಿ ಫಲವಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಇದನ್ನು ಷರತ್ತಿನೊಂದಿಗೆ ಒಪ್ಪಿತು, ಕೈಬೆರಳ ಸವೆತಕ್ಕೆ ಬೇಡವೆಂದಿತು. ಬೆರಳಿಗೆ ಹಚ್ಚಿದ್ದು ಕಣ್ಣಿಗೆ ತಾಗುತ್ತದೆ ಎಂಬುದೇ ಅದಕ್ಕಿದ್ದ ಒಂದು ಕಾರಣ. ಕೈಯಲ್ಲೇ ಉಣ್ಣುವ, ಕೈಯಲ್ಲೇ ಕಲಸುವ ನಮಗಂತೂ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಎರಡನೆಯದು ಸರ್ಪಸುತ್ತಿನ ನಂತರದ ನೋವು. ಸರ್ಪಸುತ್ತನ್ನು ತಮಿಳಿನಲ್ಲಿ ಅಕ್ಕಿ ಎನ್ನುತ್ತಾರೆ. ಗುಳ್ಳೆ ಒಣಗಿ, ಸಿಪ್ಪೆ ಉದುರಿ, ತಿಂಗಳಾದರೂ ಆ ಜಾಗದಲ್ಲಿ ಬಟ್ಟೆ ತಾಗಿದರೂ ಸಿಡಿಯುವ ನೋವು ಉಳಿಯಬಹುದು. ಚರ್ಮ ಪೂರ್ತಿ ವಾಸಿಯಾದ ಮೇಲೆ ಮಾತ್ರ ಅಲ್ಲಿ ಕ್ಯಾಪ್ಸೈಸಿನ್ ಹಚ್ಚಬಹುದು. ಹಸಿ ಗುಳ್ಳೆಯ ಮೇಲೆ ಎಂದಿಗೂ ಕೂಡದು. ಗುಳ್ಳೆ ಕಂಡ ಮೊದಲ ಮೂರು ದಿನಗಳೊಳಗೆ ವೈದ್ಯರ ಹತ್ತಿರ ಹೋದರೆ ವೈರಸ್ಸಿಗೆ ಮಾತ್ರೆ ಇದೆ. ಕಾವಿ ಬಳಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅದಕ್ಕಾಗಿ ಅಲೆಯುತ್ತ ಆ ಮೂರು ದಿನ ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೂರನೆಯದು ಸಕ್ಕರೆ ಕಾಯಿಲೆಯವರ ಪಾದದ ಉರಿ. ಇಲ್ಲಿ ಹೆಚ್ಚು ಎಚ್ಚರ ಬೇಕು. ಪಾದ ಉರಿಯುತ್ತಲೇ ಸ್ಪರ್ಶ ಕಳೆದುಕೊಂಡಿರಬಹುದು. ಚಪ್ಪಲಿ ಕಳಚಿದ್ದು, ಮುಳ್ಳು ಹೊಕ್ಕಿದ್ದು ಗೊತ್ತಾಗದವರು ತಾವಾಗಿ ಕೊಂಡು ಹಚ್ಚಬಾರದು. ಮೊದಲು ವೈದ್ಯರು ಪಾದ ಮುಟ್ಟಿ ನೋಡಲಿ.

ಇದನ್ನೂ ಮುಚ್ಚಿಡದೆ ಹೇಳಬೇಕು. ಅಂಗಡಿಯಲ್ಲಿ ಸಿಗುವ ಕಡಿಮೆ ಪ್ರಮಾಣದ ಮುಲಾಮು ಈ ಕೊನೆಯ ಎರಡರಂಥ ನರದ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನಲು ಬಲವಾದ ಪುರಾವೆಯಿಲ್ಲ. ಮಂಡಿಗೂ ಅದರ ಫಲ ಮಧ್ಯಮ ಮಟ್ಟದ್ದು. ನೋವು ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನುಂಗುವ ನೋವಿನ ಮಾತ್ರೆ ಹೊಟ್ಟೆಗೆ, ಕಿಡ್ನಿಗೆ ಆಗದವರಿಗೆ ಹೊರಗಿಂದ ಹಚ್ಚುವ ಒಂದು ದಾರಿ ಇರುವುದೇ ಇದರ ದೊಡ್ಡ ಅನುಕೂಲ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ

ಟ್ಯೂಬನ್ನು ತಿರುಗಿಸಿ, ಬೇಕಿದ್ದರೆ ಮನೆಯ ಮಕ್ಕಳ ಕೈಯಲ್ಲಿ ಓದಿಸಿ. ಕ್ಯಾಪ್ಸೈಸಿನ್ ಎಂಬ ಹೆಸರಿನ ಮುಂದೆ 0.025 ಅಥವಾ 0.075 ಎಂಬ ಅಂಕಿ ಇರುತ್ತದೆ. ಅದು ಶೇಕಡಾವಾರು. 0.025 ಎಂದರೆ 100 ಗ್ರಾಂ ಮುಲಾಮಿನಲ್ಲಿ 25 ಮಿಲಿಗ್ರಾಂ. 30 ಗ್ರಾಮಿನ ಟ್ಯೂಬಿನಲ್ಲಿ ಏಳೂವರೆ ಮಿಲಿಗ್ರಾಂ. ಮೊದಲ ಸಲ ಹಚ್ಚುವವರು 0.025ರಿಂದಲೇ ಶುರು ಮಾಡಬೇಕು. ಶೇ 8ರ ಪಟ್ಟಿ ಎಂಬುದೂ ಒಂದಿದೆ. ಅಮೆರಿಕದಲ್ಲಿ 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೂ 2020ರಲ್ಲಿ ಸಕ್ಕರೆ ಕಾಯಿಲೆಯ ಪಾದದ ನೋವಿಗೂ ಅದಕ್ಕೆ ಅನುಮತಿ ಸಿಕ್ಕಿತು. ಅದನ್ನು ವೈದ್ಯರೇ ನೈಟ್ರೈಲ್ ಕೈಗವಸು ತೊಟ್ಟು ಅಂಟಿಸಿ, ಪಾದಕ್ಕಾದರೆ ಅರ್ಧ ಗಂಟೆ, ಸರ್ಪಸುತ್ತಿನ ಜಾಗಕ್ಕಾದರೆ ಒಂದು ಗಂಟೆ ಬಿಟ್ಟು ತೆಗೆಯುತ್ತಾರೆ. ಮತ್ತೆ ಹಾಕುವುದು ಮೂರು ತಿಂಗಳ ಮೇಲೆ. ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ನಮ್ಮ ಅಂಗಡಿಗಳಲ್ಲಿ ಕ್ಯಾಪ್ಸೈಸಿನ್ ಒಂಟಿಯಾಗಿ ಸಿಗುವುದಕ್ಕಿಂತ ಕೂಟದಲ್ಲಿ ಸಿಗುವುದೇ ಹೆಚ್ಚು. ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್, ಅಗಸೆ ಎಣ್ಣೆ, ಅದರ ಜೊತೆ 0.025 ಕ್ಯಾಪ್ಸೈಸಿನ್. ಹಚ್ಚಿದ ಕೂಡಲೇ ತಂಪಾಗುವುದು ಮೆಂಥಾಲಿನಿಂದ. ಈ ಕೂಟ ಎಲ್ಲರಿಗೂ ಸಲ್ಲುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕವೇ ಒಳಸೇರಿ ರಕ್ತಸ್ರಾವದ ಅಪಾಯ ತರಬಹುದು. ಆಸ್ಪಿರಿನ್ ಅಲರ್ಜಿ ಇರುವವರು, ಐದು ತಿಂಗಳು ತುಂಬಿದ ಬಸುರಿಯರು ವೈದ್ಯರನ್ನು ಕೇಳದೆ ಡೈಕ್ಲೋಫೆನಾಕ್ ಇರುವುದನ್ನು ಮುಟ್ಟಬಾರದು. ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್, ಕ್ಯಾಪ್ಸೈಸಿನ್ ಇರುವ ನೋವಿನ ಮುಲಾಮುಗಳಿಂದ ಅಪರೂಪಕ್ಕೆ ನಿಜವಾದ ಸುಟ್ಟಗಾಯವೇ ಆಗಿರುವುದುಂಟು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿತ್ತು. ಹೆಚ್ಚಿನವು ಮೆಂಥಾಲ್ ಶೇ 3ಕ್ಕಿಂತ, ಮೀಥೈಲ್ ಸ್ಯಾಲಿಸಿಲೇಟ್ ಶೇ 10ಕ್ಕಿಂತ ಹೆಚ್ಚಿದ್ದವುಗಳಿಂದ ಆದವು. ಉರಿಯೊಂದಿಗೆ ಬೊಬ್ಬೆ ಎದ್ದರೆ, ಊದಿದರೆ, ತೊಳೆದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹಚ್ಚುವ ಕ್ರಮ

ಮೊದಲ ದಿನ ಮಂಡಿಯ ಪಕ್ಕದಲ್ಲಿ ಒಂದು ರೂಪಾಯಿ ಅಗಲದ ಜಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಬೊಬ್ಬೆ, ದದ್ದು ಇಲ್ಲದಿದ್ದರೆ ಮುಂದುವರಿಯಿರಿ. ಬಟಾಣಿ ಕಾಳಿನಷ್ಟು ಮುಲಾಮು ಒಂದು ಮಂಡಿಗೆ ಸಾಕು. ತಣ್ಣಗಿರುವ, ಒಣಗಿರುವ, ಗಾಯವಿಲ್ಲದ ಚರ್ಮದ ಮೇಲೆ ಹಚ್ಚಿ, ಬಿಳಿ ಕಾಣದಷ್ಟು ಮೆತ್ತಗೆ ಸವರಿ. ಗಸಗಸ ತಿಕ್ಕುವುದು ಬೇಡ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಹೆಚ್ಚೆಂದರೆ ದಿನಕ್ಕೆ ನಾಲ್ಕು ಸಲ, ನಡುವೆ ನಾಲ್ಕು ಗಂಟೆ ಬಿಡುವು.

ನೆನಪಿಡಬೇಕಾದ ದೊಡ್ಡ ಮಾತು ಬಿಸಿಯದು. ಬಿಸಿನೀರ ಸ್ನಾನಕ್ಕೆ ಮೊದಲೂ ಬೇಡ, ಆದ ಕೂಡಲೇ ಬೇಡ. ಎರಡರ ನಡುವೆ ಒಂದು ಗಂಟೆಯಾದರೂ ಇರಲಿ. ಹಚ್ಚಿದ ಜಾಗಕ್ಕೆ ಬಿಸಿನೀರ ಚೀಲ, ಕಾಸಿದ ಬಟ್ಟೆಯ ಶಾಖ, ಬಿಗಿಯಾದ ಬ್ಯಾಂಡೇಜು, ಮಂಡಿಪಟ್ಟಿ ಯಾವುದೂ ಕೂಡದು. ಹಚ್ಚಿಕೊಂಡು ಬಿಸಿಲಲ್ಲಿ ಕಳೆ ಕೀಳಲು ಕೂತರೆ ಬೆವರಿನೊಂದಿಗೆ ಉರಿ ಏರುತ್ತದೆ. ಹೊಲದ ಕೆಲಸದವರು ಬೆಳಗಿನ ಸರದಿಯನ್ನು ಕೆಲಸದಿಂದ ಬಂದ ಮೇಲಕ್ಕೆ ಹಾಕಿಕೊಳ್ಳುವುದು ಒಳ್ಳೆಯದು.

ಹಚ್ಚಿದ ಕೈಯನ್ನು ತಕ್ಷಣ ಸೋಪಿನಿಂದ ಎರಡು ಸಲ ತೊಳೆಯಿರಿ. ಉಗುರಿನ ಸಂದಿಯಲ್ಲಿ ಉಳಿದದ್ದೇ ಆಮೇಲೆ ಕಣ್ಣಿಗೆ, ಮೂಗಿಗೆ, ಬಚ್ಚಲಲ್ಲಿ ಇನ್ನೆಲ್ಲಿಗೋ ತಾಗುವುದು. ಹತ್ತಿರದಲ್ಲೊಂದು ಪ್ಲಾಸ್ಟಿಕ್ ಚೀಲವಿದ್ದರೆ ಅದನ್ನು ಬೆರಳಿಗೆ ಸುತ್ತಿಕೊಂಡು ಹಚ್ಚುವುದು ಇನ್ನೂ ಸಲೀಸು. ವೈದ್ಯರು ಹೇಳಿ ಕೈಬೆರಳಿಗೇ ಹಚ್ಚುವವರಾದರೆ ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಮೊಮ್ಮಕ್ಕಳು ಬಂದು ಕೂರುವುದು ಅಜ್ಜಿಯ ತೊಡೆಯ ಮೇಲೆಯೇ, ಆಡಿಸುವುದು ಮಂಡಿಯ ಮೇಲೆಯೇ. ಮುಲಾಮು ಹಚ್ಚಿದಾಗ ಮಂಡಿಯನ್ನು ಸೀರೆಯಿಂದ ಮುಚ್ಚಿಕೊಂಡು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಲೂಡಿಸುವ ತಾಯಂದಿರು ಎದೆಯ ಹತ್ತಿರ ಹಚ್ಚಲೇಬಾರದು. ಉಬ್ಬಸ ಇರುವವರು ಮೂಗಿನ ಹತ್ತಿರ ತರಬಾರದು.

ಮೊದಲ ಕೆಲವು ದಿನ ಉರಿ ಇದ್ದೇ ಇರುತ್ತದೆ. ದಿನ ಕಳೆದಂತೆ ಇಳಿಯುತ್ತದೆ. ಒಂದು ಸಲ ತಪ್ಪಿತೆಂದು ಮುಂದಿನ ಸಲ ಎರಡರಷ್ಟು ಹಚ್ಚಬೇಡಿ. ಟ್ಯೂಬಿನ ಮೇಲೆ ಶುರು ಮಾಡಿದ ತಾರೀಖು ಬರೆದಿಟ್ಟುಕೊಳ್ಳಿ. ಆರು ವಾರ ತಪ್ಪದೆ ಹಚ್ಚಿಯೂ ಏನೂ ಬದಲಾಗದಿದ್ದರೆ ಅದು ನಿಮಗೆ ಹಿಡಿಯುವುದಿಲ್ಲ, ಬಿಟ್ಟುಬಿಡಿ.

ಅರೆದ ಮೆಣಸಿನಕಾಯಿ ಯಾಕೆ ಬೇಡ

ಮನೆಯಲ್ಲೇ ಮೆಣಸಿನಕಾಯಿ ಇರುವಾಗ ದುಡ್ಡು ಯಾಕೆ ಕೊಡಬೇಕು ಎಂದು ದೊಡ್ಡಮ್ಮನೇ ಒಮ್ಮೆ ಕೇಳಿದ್ದರು. ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ಖಾರ ಅಳೆಯಲು ಸ್ಕೋವಿಲ್ ಎಂಬ ಮಾನವಿದೆ. 1912ರಲ್ಲಿ ಅದನ್ನು ರೂಪಿಸಿದ ವಿಲ್ಬರ್ ಸ್ಕೋವಿಲ್ ಒಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಶುದ್ಧ ಕ್ಯಾಪ್ಸೈಸಿನ್ ಈ ಮಾನದಲ್ಲಿ ಒಂದು ಕೋಟಿ ಅರವತ್ತು ಲಕ್ಷ. ಹಾಗಾದರೆ 0.025 ಮುಲಾಮು ಬರೀ ನಾಲ್ಕು ಸಾವಿರ. ಗುಂಟೂರು ಮೆಣಸಿನಕಾಯಿ ಸುಮಾರು ಮೂವತ್ತೈದು ಸಾವಿರ, ಅಂದರೆ ಮುಲಾಮಿನ ಎಂಟೊಂಬತ್ತು ಪಟ್ಟು. 2007ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಈಶಾನ್ಯದ ಭೂತ್ ಜೊಲೊಕಿಯಾ ಹತ್ತು ಲಕ್ಷ ದಾಟುತ್ತದೆ. ಆದರೆ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ನಿಮ್ಮ ಡಬ್ಬದಲ್ಲಿರುವುದು ಯಾವುದು, ಯಾವ ಹೊಲದ್ದು, ಎಷ್ಟು ಒಣಗಿದ್ದು? ಕೈಯಳತೆಗೆ ಸಿಗುವ ಲೆಕ್ಕವಲ್ಲ. ಎಣ್ಣೆಯಲ್ಲಿ ಕಾಯಿಸಿ ಹಚ್ಚಿದರೆ ಇನ್ನೂ ಕಷ್ಟ, ಕ್ಯಾಪ್ಸೈಸಿನ್ ಎಲ್ಲ ಎಣ್ಣೆಗಿಳಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಕೈಗೆ ಖಾರ ಹತ್ತಿ ಉರಿಯುವವರಿಗೆ ತೋಟದ ಹೆಂಗಸರ ಕ್ರಮವೇ ಸರಿಯಾದದ್ದು. ಅಡುಗೆ ಎಣ್ಣೆ ಯಾವುದಾದರೂ ಆಗಬಹುದು, ಸವರಿ ಒರೆಸಿ, ಸೋಪು ಹಾಕಿ ತೊಳೆದು, ಮತ್ತೆ ಒಂದು ಸಲ ಹಾಗೇ ಮಾಡಿ. ತಣ್ಣನೆಯ ಮಜ್ಜಿಗೆಯಲ್ಲಿ ಕೈ ಅದ್ದಿಟ್ಟುಕೊಂಡರೂ ಹಾಯೆನಿಸುತ್ತದೆ. ಕಣ್ಣಿಗೆ ಬಿದ್ದರೆ ಎಣ್ಣೆಯೂ ಬೇಡ, ಮಜ್ಜಿಗೆಯೂ ಬೇಡ. ತಣ್ಣೀರನ್ನು ಧಾರೆಯಾಗಿ ಹತ್ತು ಹದಿನೈದು ನಿಮಿಷ ಬಿಟ್ಟು ತೊಳೆದು, ಆಮೇಲೂ ಉರಿ ಇದ್ದರೆ ಆಸ್ಪತ್ರೆಗೆ ಹೋಗಬೇಕು.

ಮುಲಾಮು ಹಚ್ಚುತ್ತ ಕೂರಬಾರದ ನೋವುಗಳೂ ಇವೆ. ಜ್ವರದೊಂದಿಗೆ ಊದಿಕೊಂಡು ಬಿಸಿಯಾದ ಕೀಲು, ಬಿದ್ದ ಮೇಲೆ ಊರಲಾಗದ ಕಾಲು, ಒಂದೇ ಮೀನಖಂಡ ಬಾತು ಕೆಂಪಾಗಿರುವುದು, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪುವುದು, ಎದೆಯಿಂದ ಎಡತೋಳಿಗೋ ದವಡೆಗೋ ಹರಡುವ ನೋವು. ಎದೆನೋವಿಗೆ ಬಾಮು ತಿಕ್ಕಿ ಬೆಳಗಾಗಲಿ ಎಂದು ಕಾಯುವ ಅಭ್ಯಾಸ ಜೀವ ತೆಗೆಯುತ್ತದೆ.

ನಡೆಯಲಾಗದ ಹಿರಿಯರಿಗಾಗಿ ಒಂದು ಮಾತು. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ, ಅಂದರೆ ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ, 2021ರ ಆಗಸ್ಟ್ 5ರಂದು ಶುರುವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೇ ತಂದುಕೊಡುವುದರ ಜೊತೆ ಫಿಸಿಯೊಥೆರಪಿಯೂ ಅದರಲ್ಲಿ ಸೇರಿದೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಷ್ಟು ಬಾಳಿಕೆ ಬರುವ ಮದ್ದು ಯಾವ ಟ್ಯೂಬಿನಲ್ಲೂ ಇಲ್ಲ. ಹಳ್ಳಿಗೆ ಬರುವ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ಹೆಸರು ಬರೆಸಿ. ಮಾತು ಕನ್ನಡದಲ್ಲೇ ಆಡಿ. ಈ ಕಡೆಯವರಾದರೆ ಅವರಿಗೂ ಅರ್ಥವಾಗುತ್ತದೆ.

ದೊಡ್ಡಮ್ಮನ ಎರಡನೇ ಟ್ಯೂಬಿನ ಮೇಲೆ ನಾನೇ ಪೆನ್ನಿನಲ್ಲಿ ತಾರೀಖು ಬರೆದುಕೊಟ್ಟೆ. ಬಟಾಣಿ ಕಾಳೊಂದನ್ನು ಅಂಗೈ ಮೇಲಿಟ್ಟು ಅಳತೆ ತೋರಿಸಿದೆ. ಮೊದಲ ವಾರ ದಿನಾ ಬೈದುಕೊಂಡೇ ಹಚ್ಚಿದರು. ಮೂರನೇ ವಾರ ನಾನು ಹೋದಾಗ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಫಿ ತರುತ್ತೇನೆ ಇರು ಎಂದು ಎದ್ದರು. ಕಂಬ ಹಿಡಿದುಕೊಂಡೇ ಎದ್ದರು, ಆದರೆ ನನ್ನ ಕೈ ಕೇಳಲಿಲ್ಲ.